ಸಿಪಾಯಿಯು ಕಾರಣ ಕೇಳುವ ಕಾಲ

ಸೈನ್ಯಕ್ಕೆ ಸೇರಲು ಬಂದ ತರುಣನ ದೇಹವನ್ನು ಸರ್ಕಾರವು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸುತ್ತದೆಯೆಂಬುದು ಆ ಪರೀಕ್ಷೆಗೆ ನಿಂತವರಿಗೆಲ್ಲ ಗೊತ್ತು. ಅವನ ಎತ್ತರ, ತೂಕ, ಎದೆಯ ಸುತ್ತಳತೆ, ಕಣ್ಣಿನ ದೃಷ್ಟಿ, ಕಿವಿಯ ಶ್ರವಣಶಕ್ತಿ, ಮೊಣಕಾಲುಗಳ ನಡುವಣ ಅಂತರ, ಪಾದದ ಕಮಾನು, ಹೀಗೆ ಒಂದೊಂದನ್ನೂ ಅಳೆದು, ಬರೆದು, ಯಾವುದರಲ್ಲಿಯೂ ಕೊರತೆಯಿಲ್ಲವೆಂದು ನಿಶ್ಚಯಿಸಿಕೊಂಡ ತರುವಾಯವೇ ಅವನಿಗೆ ಸಮವಸ್ತ್ರ ದೊರೆಯುತ್ತದೆ. ಅದೇ ಮನುಷ್ಯನು ಹತ್ತೋ ಹದಿನೈದೋ ವರ್ಷ ಮರುಭೂಮಿಯಲ್ಲಿ, ಹಿಮಪರ್ವತದಲ್ಲಿ, ಗಡಿಯ ಕಾವಲಿನಲ್ಲಿ ಸವೆದು ಹೊರಬರುವಾಗ ಅವನಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅದಕ್ಕೆ ರಿಲೀಸ್ ಮೆಡಿಕಲ್ ಬೋರ್ಡ್ ಎಂದು ಹೆಸರು. ರೋಗದ ಕಾರಣದಿಂದಲೇ ಅವಧಿಗೆ ಮುಂಚೆ ಅವನನ್ನು ಹೊರಗೆ ಕಳುಹಿಸುವುದಾದರೆ ಅದು ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಸೈನಿಕರ ಮಾತಿನಲ್ಲಿ ‘ಬೋರ್ಡ್ ಔಟ್’ ಆಗುವುದು. ಮೊದಲನೆಯ ಕಾಗದದಲ್ಲಿ ಅವನು ನಿರೋಗಿ, ಎರಡನೆಯದರಲ್ಲಿ ರೋಗಿ ಅಥವಾ ಅಂಗವಿಕಲ. ಈ ಎರಡು ಕಾಗದಗಳ ನಡುವಣ ಕಾಲದಲ್ಲಿ ಅವನ ದೇಹಕ್ಕೆ ಬಂದೊದಗಿದ ಕೇಡಿಗೆ ಹೊಣೆ ಯಾರದೆಂಬುದೇ ಅಂಗವೈಕಲ್ಯ ಪಿಂಚಣಿಯ ವ್ಯಾಜ್ಯಗಳೆಲ್ಲಕ್ಕೂ ಮೂಲವಾದ ಪ್ರಶ್ನೆ.

ಆಜ್ಞೆಗೆ ಕಾರಣ ಕೇಳಬಾರದೆಂಬುದು ಸೈನಿಕ ಶಿಕ್ಷಣದ ಮೊದಲನೆಯ ಪಾಠ. ಆ ಪಾಠವು ಮೈಗೂಡಿದವನು, ಪಿಂಚಣಿಯ ಕೋರಿಕೆ ತಿರಸ್ಕೃತವಾಯಿತೆಂದು ಕಚೇರಿಯಿಂದ ಪತ್ರ ಬಂದಾಗ ಅದನ್ನೂ ಒಂದು ಆಜ್ಞೆಯೆಂದೇ ಭಾವಿಸಿ, ಮಡಿಸಿ, ಟ್ರಂಕಿನ ತಳದಲ್ಲಿಟ್ಟು ಸುಮ್ಮನಾಗುವುದು ಅಸಹಜವಲ್ಲ. ಆದರೆ ಆ ಪತ್ರವು ಆಜ್ಞೆಯಲ್ಲ. ಅದು ಒಂದು ಅಭಿಪ್ರಾಯ. ಅಭಿಪ್ರಾಯಕ್ಕೆ ಕಾರಣವಿರಬೇಕು, ಆ ಕಾರಣವನ್ನು ಬರಹದಲ್ಲಿ ತೋರಿಸಬೇಕು, ತೋರಿಸದಿದ್ದರೆ ಅದನ್ನು ಪ್ರಶ್ನಿಸುವ ಅಧಿಕಾರವನ್ನು ನಿಯಮಗಳೂ ನ್ಯಾಯಾಲಯಗಳೂ ಸೈನಿಕನಿಗೆ ಕೊಟ್ಟಿವೆ. ಸೇವೆಯಲ್ಲಿದ್ದಷ್ಟು ಕಾಲ ಕಾರಣ ಕೇಳದಿದ್ದವನು ಸೇವೆ ಮುಗಿದ ಮೇಲೆ ಕಾರಣ ಕೇಳುವುದನ್ನು ಕಲಿಯಬೇಕಾಗುತ್ತದೆ. ಮೇಲ್ಮನವಿಯೆಂಬುದರ ಸಾರವೆಲ್ಲ ಇಷ್ಟೇ.

ಪಿಂಚಣಿಯ ಸ್ವರೂಪ

ಮೊದಲು ಈ ಪಿಂಚಣಿಯ ಸ್ವರೂಪವನ್ನು ಅರಿಯೋಣ. ರೋಗದಿಂದಲೋ ಗಾಯದಿಂದಲೋ ಅಸಮರ್ಥನಾಗಿ ಸೇವೆಯಿಂದ ಬಿಡುಗಡೆ ಹೊಂದಿದವನಿಗೆ ಸಲ್ಲುವ ಅಂಗವೈಕಲ್ಯ ಪಿಂಚಣಿಯಲ್ಲಿ ಎರಡು ಅಂಶಗಳುಂಟು: ಸಲ್ಲಿಸಿದ ಸೇವೆಗಾಗಿ ದೊರೆಯತಕ್ಕ ಸೇವಾಂಶವೊಂದು, ದೇಹಕ್ಕಾದ ನಷ್ಟಕ್ಕಾಗಿ ದೊರೆಯತಕ್ಕ ವೈಕಲ್ಯಾಂಶವೊಂದು. ಪೂರ್ಣ ಅವಧಿಯನ್ನು ಮುಗಿಸಿ ನಿವೃತ್ತನಾದವನಿಗೆ ಸಾಮಾನ್ಯ ಪಿಂಚಣಿಯ ಜೊತೆಗೆ ವೈಕಲ್ಯಾಂಶವು ಸೇರುತ್ತದೆ. ಇದಕ್ಕೆ ಷರತ್ತುಗಳು ಎರಡು. ರೋಗವು ಸೈನಿಕ ಸೇವೆಯ ಕಾರಣದಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಗೊಂಡಿರಬೇಕು ಎಂಬುದು ಒಂದು. ವೈಕಲ್ಯವು ಶೇಕಡಾ 20ಕ್ಕೆ ಕಡಮೆಯಿಲ್ಲದಿರಬೇಕು ಎಂಬುದು ಇನ್ನೊಂದು. ಯುದ್ಧದಲ್ಲಿ ಗಾಯಗೊಂಡವರಿಗೆ ಇದಕ್ಕಿಂತ ಉದಾರವಾದ ಬೇರೊಂದು ಪಿಂಚಣಿ ಉಂಟು. ಅಲ್ಲಿ ಕಾರಣವು ಕಣ್ಣಿಗೆ ಕಾಣುವುದರಿಂದ ವಿವಾದವು ವಿರಳ. ವಿವಾದವೆಲ್ಲ ಹೊರಗೆ ಕಾಣದ ರೋಗಗಳದು: ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಮೂರ್ಛೆರೋಗ, ಚಿತ್ತವಿಕಾರ.

ಹಣದ ಲೆಕ್ಕವನ್ನೂ ಒಮ್ಮೆ ನೋಡಬೇಕು. ವೈಕಲ್ಯವು ಶೇಕಡಾ ನೂರಾದಾಗ ಕಡೆಯ ಸಂಬಳದ ಶೇಕಡಾ 30ರಷ್ಟು ವೈಕಲ್ಯಾಂಶವೆಂದೂ, ಅದಕ್ಕಿಂತ ಕಡಮೆಯಾದಾಗ ಅದೇ ಪ್ರಮಾಣದಲ್ಲಿ ಇಳಿಸಬೇಕೆಂದೂ ವಿಧಿ. ಕಡೆಯ ಸಂಬಳ 40,000 ರೂಪಾಯಿ ಇದ್ದವನಿಗೆ ಪೂರ್ಣ ವೈಕಲ್ಯಕ್ಕೆ ತಿಂಗಳಿಗೆ 12,000 ರೂಪಾಯಿ. ಶೇಕಡಾ 20ಕ್ಕೆ 2,400 ರೂಪಾಯಿ. ಆದರೆ ವೈದ್ಯರ ಅಳತೆಯಲ್ಲಿ ಒಂದೆರಡು ಅಂಶಗಳ ವ್ಯತ್ಯಾಸವು ಸಹಜವೆಂದು ಮನಗಂಡ ಸರ್ಕಾರವು 1996ರಿಂದ ಜಾರಿಗೆ ಬರುವಂತೆ, ಐವತ್ತಕ್ಕಿಂತ ಕಡಮೆಯಿದ್ದುದನ್ನು 50 ಎಂದೂ, ಐವತ್ತರಿಂದ ಎಪ್ಪತ್ತೈದರವರೆಗಿನದನ್ನು 75 ಎಂದೂ, ಅದರಿಂದಾಚೆಯದನ್ನು 100 ಎಂದೂ ಗಣಿಸುವ ಕ್ರಮವನ್ನು ತಂದಿತು. ಆ ಲೆಕ್ಕದಲ್ಲಿ ಮೇಲಿನ 2,400 ರೂಪಾಯಿ 6,000 ಆಗುತ್ತದೆ. ಈ ಪ್ರಯೋಜನವು ರೋಗದಿಂದ ಅವಧಿಗೆ ಮುಂಚೆ ಹೊರಬಂದವರಿಗೆ ಮಾತ್ರವೆಂದು ಇಲಾಖೆಯು ಬಹುಕಾಲ ವಾದಿಸಿತು. 2014ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಮ್ ಅವತಾರ್ ಪ್ರಕರಣದಲ್ಲಿ, ಪೂರ್ಣಾವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲತಕ್ಕದ್ದೆಂದು ನಿರ್ಣಯಿಸಿತು.

ಕೋರಿಕೆ ತಿರಸ್ಕೃತವಾದರೆ ಆಗುವ ನಷ್ಟವು ಬೋರ್ಡ್ ಔಟ್ ಆದವನಿಗೆ ಅತ್ಯಂತ ಕಠೋರವಾದದ್ದು. ಹತ್ತು ವರ್ಷ ಸೇವೆ ತುಂಬುವುದರೊಳಗೆ ರೋಗಿಯಾಗಿ ಹೊರಬಿದ್ದು, ಆ ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆನಿಸಿಕೊಂಡವನಿಗೆ 2020ರ ಸರ್ಕಾರಿ ಆದೇಶದವರೆಗೆ ಒಂದು ಇಡಿಗಂಟಿನ ಗ್ರಾಚ್ಯುಟಿಯ ಹೊರತು ತಿಂಗಳ ಪಿಂಚಣಿಯೆಂಬುದೇ ಇರಲಿಲ್ಲ. ಮೂವತ್ತು ವಯಸ್ಸು ದಾಟದ ದೇಹ, ಮೂರ್ಛೆರೋಗದ ಚೀಟಿ, ಬೇರೆ ಕೆಲಸ ಕೊಡಲು ಹಿಂಜರಿಯುವ ಊರು: ಇಷ್ಟರೊಡನೆ ಅವನು ಮನೆಗೆ ಬರಬೇಕಾಗಿತ್ತು.

ಸಂದೇಹದ ಲಾಭ ಯಾರಿಗೆ

ತಿರಸ್ಕಾರದ ಪತ್ರಗಳಲ್ಲಿ ಪದೇ ಪದೇ ಕಾಣಬರುವ ಮಾತುಗಳು ಕೆಲವೇ. ರೋಗವು ‘ಕಾನ್‌ಸ್ಟಿಟ್ಯೂಷನಲ್’, ಎಂದರೆ ದೇಹಪ್ರಕೃತಿಗೆ ಸೇರಿದ್ದು ಎಂಬುದೊಂದು. ರೋಗವು ಕಾಣಿಸಿಕೊಂಡದ್ದು ‘ಪೀಸ್ ಸ್ಟೇಷನ್’ನಲ್ಲಿ, ಎಂದರೆ ಯುದ್ಧಭೂಮಿಯಲ್ಲದ ಶಾಂತಿನೆಲೆಯಲ್ಲಿ ಎಂಬುದು ಇನ್ನೊಂದು. ಸೇವೆಯ ಕಾರಣದಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂಬ ಅಚ್ಚಿನ ವಾಕ್ಯವು ಕೊನೆಯದು. ವಿವರವನ್ನು ಬರೆಯದೆ ಮೊತ್ತವನ್ನು ಮಾತ್ರ ಬರೆದಿಟ್ಟ ಶಾನುಭೋಗನ ಖಿರ್ದಿಯಂತೆ, ಈ ಅಭಿಪ್ರಾಯಗಳಲ್ಲಿ ತೀರ್ಮಾನವಿರುತ್ತದೆ, ಅದಕ್ಕೆ ತಲಪಿದ ದಾರಿ ಇರುವುದಿಲ್ಲ.

ಆದರೆ ನಿಯಮಾವಳಿಯು ಹೇಳುವುದೇ ಬೇರೆ. 1982ರ ಅರ್ಹತಾ ನಿಯಮಗಳ ಐದನೆಯ ನಿಯಮದ ಪ್ರಕಾರ, ಸೇರುವಾಗ ಬರೆದಿಟ್ಟ ದೋಷಗಳನ್ನುಳಿದು ಸೈನಿಕನು ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತನಾಗಿದ್ದನೆಂದು ಮೊದಲು ಊಹಿಸಿಕೊಳ್ಳಬೇಕು. ತರುವಾಯ ವೈದ್ಯಕೀಯ ಕಾರಣದಿಂದ ಬಿಡುಗಡೆಯಾದರೆ ಆ ಆರೋಗ್ಯನಾಶವು ಸೇವೆಯಿಂದಲೇ ಉಂಟಾಯಿತೆಂದು ಊಹಿಸಿಕೊಳ್ಳಬೇಕು. ಒಂಬತ್ತನೆಯ ನಿಯಮವು ಇನ್ನೂ ಮುಂದೆ ಹೋಗಿ, ಅರ್ಹತೆಯನ್ನು ರುಜುವಾತುಪಡಿಸುವ ಭಾರವು ಹಕ್ಕುದಾರನ ಮೇಲಿಲ್ಲವೆಂದೂ, ಯುಕ್ತವಾದ ಸಂದೇಹವಿದ್ದಲ್ಲಿ ಅದರ ಲಾಭವು ಅವನಿಗೆ ಸಲ್ಲಬೇಕೆಂದೂ, ರಣಭೂಮಿಯಲ್ಲಿಯೋ ಸಮುದ್ರದ ಮೇಲೆಯೋ ಸೇವೆ ಮಾಡಿದವನ ವಿಷಯದಲ್ಲಿ ಈ ಔದಾರ್ಯವು ಮತ್ತಷ್ಟು ಹೆಚ್ಚಬೇಕೆಂದೂ ಹೇಳುತ್ತದೆ. ಹದಿನಾಲ್ಕನೆಯ ನಿಯಮದಂತೆ, ಸೇರುವಾಗ ನಡೆಸಿದ ಪರೀಕ್ಷೆಯಲ್ಲಿ ಈ ರೋಗವನ್ನು ಕಂಡುಹಿಡಿಯಲು ಸಾಧ್ಯವಿರಲಿಲ್ಲವೆಂದು ವೈದ್ಯರು ಅಭಿಪ್ರಾಯಪಟ್ಟರೆ ಅದಕ್ಕೆ ಕಾರಣಗಳನ್ನು ಬರೆಯತಕ್ಕದ್ದು.

ಈ ನಿಯಮಗಳು ಪುಸ್ತಕದಲ್ಲಿ ಮೂವತ್ತು ವರ್ಷ ಇದ್ದವು. ಅವುಗಳಿಗೆ ಪೂರ್ಣವಾದ ಬಲ ಬಂದದ್ದು 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯವು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ. ಅರ್ಜಿದಾರರು 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿ, ಒಂಬತ್ತು ವರ್ಷಗಳ ಸೇವೆ ತುಂಬುವ ಹೊತ್ತಿಗೆ, 1994ರಲ್ಲಿ, ಶೇಕಡಾ 20ರ ವೈಕಲ್ಯದೊಡನೆ ಮೂರ್ಛೆರೋಗದ ಕಾರಣ ಬೋರ್ಡ್ ಔಟ್ ಆದವರು. ಅದು ದೇಹಪ್ರಕೃತಿಯ ರೋಗ, ಸೇವೆಗೆ ಸಂಬಂಧಿಸಿದ್ದಲ್ಲ ಎಂದು ವೈದ್ಯಕೀಯ ಮಂಡಳಿಯು ಬರೆದಿತ್ತು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ಗೆದ್ದು, ವಿಭಾಗೀಯ ಪೀಠದಲ್ಲಿ ಸೋತು, ಕಡೆಗೆ ದಿಲ್ಲಿಗೆ ಬಂದ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೊಂದು ನಿಯಮವನ್ನೂ ಬಿಡಿಸಿ ನೋಡಿತು. ಸೇರುವಾಗಿನ ದಾಖಲೆಯಲ್ಲಿ ರೋಗದ ಪ್ರಸ್ತಾಪವಿಲ್ಲ. ರೋಗವು ಸೇವೆಗೆ ಸಂಬಂಧಿಸಿದ್ದಲ್ಲವೆನ್ನಲು ಮಂಡಳಿಯು ಕಾರಣವನ್ನು ಬರೆದಿಲ್ಲ. ಆದಕಾರಣ ನಿಯಮವು ವಿಧಿಸಿದ ಊಹೆಯು ಅರ್ಜಿದಾರರ ಕಡೆಗೇ ನಿಲ್ಲತಕ್ಕದ್ದು ಎಂದು ಅದು ನಿರ್ಣಯಿಸಿತು. 2014ರಲ್ಲಿ ಸುಖ್‌ವಿಂದರ್ ಸಿಂಗ್ ಪ್ರಕರಣವು, ಬೋರ್ಡ್ ಔಟ್ ಆದವನ ವೈಕಲ್ಯವು ಶೇಕಡಾ 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕೆಂದಿತು. ಸೇವೆಗೆ ಅಯೋಗ್ಯನೆಂದು ಹೊರಗೆ ಕಳುಹಿಸುವಷ್ಟು ರೋಗವಿದ್ದು ಪಿಂಚಣಿಗೆ ಸಾಲದಷ್ಟು ಅಲ್ಪವೆನ್ನುವುದು ಸಂಗತವಲ್ಲವಷ್ಟೆ. 2015ರ ರಾಜ್‌ಬೀರ್ ಸಿಂಗ್ ಪ್ರಕರಣವು ಧರ್ಮವೀರ್ ಸಿಂಗ್ ತೀರ್ಪನ್ನು ಎತ್ತಿಹಿಡಿಯಿತು. ಶಾಂತಿನೆಲೆಯಲ್ಲಿ ರೋಗವು ಆರಂಭವಾಯಿತೆಂಬ ಮಾತೊಂದೇ ನಿರಾಕರಣೆಗೆ ಸಾಲದೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು 2025ರಲ್ಲಿ ಹೇಳಿದ್ದೂ ಇದೇ ಧಾರೆಗೆ ಸೇರಿದ್ದು.

ಆದರೆ ಈ ಊಹೆಯು ಅಭೇದ್ಯವಾದ ಕೋಟೆಯೆಂದು ತಿಳಿದವನು ನಿರಾಶನಾಗುವನು. ಸೇರುವ ಕಾಲದ ಪರೀಕ್ಷೆಯಲ್ಲಿ ಚಿತ್ತವಿಕಾರವು ಗೋಚರಿಸದಿರಬಹುದೆಂದು ಒಪ್ಪಿದ ಸರ್ವೋಚ್ಚ ನ್ಯಾಯಾಲಯವು 2019ರ ಅಕ್ಟೋಬರಿನಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ ಸ್ಕಿಜೋಫ್ರೇನಿಯಾದ ಅರ್ಜಿದಾರರಿಗೆ ಪಿಂಚಣಿಯನ್ನು ನಿರಾಕರಿಸಿತು. ಅದಕ್ಕೆ ಹಿಂದಿನ ತಿಂಗಳು, ರಜೆಯಲ್ಲಿದ್ದಾಗ ಸ್ಕೂಟರಿನ ಅಪಘಾತದಲ್ಲಿ ಗಾಯಗೊಂಡ ಸೈನಿಕರೊಬ್ಬರ ವಿಷಯದಲ್ಲಿ, ಸಾಂದರ್ಭಿಕ ರಜೆಯನ್ನು ಕರ್ತವ್ಯವೆಂದು ಎಣಿಸಿದರೂ ಗಾಯಕ್ಕೂ ಸೈನಿಕ ಸೇವೆಗೂ ಕಾರ್ಯಕಾರಣ ಸಂಬಂಧವಿರಬೇಕೆಂದು ಹೇಳಿ ಅದೇ ನ್ಯಾಯಾಲಯವು ಕೋರಿಕೆಯನ್ನು ತಳ್ಳಿಹಾಕಿತು. ಮಂಡಳಿಯು ಯುಕ್ತವಾದ ಕಾರಣವನ್ನು ಕೊಟ್ಟಲ್ಲಿ ನ್ಯಾಯಾಲಯವು ವೈದ್ಯನ ಪೀಠದಲ್ಲಿ ತಾನೇ ಕುಳಿತುಕೊಳ್ಳುವುದಿಲ್ಲ. ಕಾರಣವಿಲ್ಲದಲ್ಲಿ ಮಾತ್ರ ಸುಮ್ಮನಿರುವುದಿಲ್ಲ. ತನ್ನ ಪ್ರಕರಣವು ಈ ಎರಡರಲ್ಲಿ ಯಾವ ಕಡೆಗೆ ಬೀಳುತ್ತದೆಯೆಂದು ಮೊದಲೇ ತೂಗಿ ನೋಡುವುದು ಅರ್ಜಿದಾರನಿಗೂ ಅವನ ವಕೀಲನಿಗೂ ಹಿತ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಆ ದಿನದಿಂದ ಈಚೆಗೆ ಸೇವೆಯನ್ನು ಬಿಟ್ಟವರ ಹಕ್ಕುಗಳನ್ನು ಹೊಸ ನಿಯಮಗಳ ಪ್ರಕಾರವೂ, ಅದಕ್ಕೆ ಹಿಂದಿನವರ ಹಕ್ಕುಗಳನ್ನು ಅವರವರ ಕಾಲದ ನಿಯಮಗಳ ಪ್ರಕಾರವೂ ನೋಡಬೇಕಾಗುತ್ತದೆ. ಹಳೆಯ ನಿಯಮದ ಆಧಾರದಿಂದ ಗೆದ್ದ ನೆರೆಮನೆಯವರ ತೀರ್ಪನ್ನು ಹಿಡಿದುಕೊಂಡು ಹೊಸ ನಿಯಮದ ಅರ್ಜಿಯನ್ನು ಬರೆಯಹೊರಡುವುದು ಅವಿವೇಕ.

ಮೇಲ್ಮನವಿಯ ಮೆಟ್ಟಿಲುಗಳು

ತಿರಸ್ಕಾರದ ಪತ್ರ ಕೈಸೇರಿದ ಆರು ತಿಂಗಳೊಳಗೆ ಮೊದಲನೆಯ ಮೇಲ್ಮನವಿಯನ್ನು ಸಲ್ಲಿಸಬೇಕು. ಇದನ್ನು ವಿಚಾರಿಸತಕ್ಕದ್ದು ಪ್ರಥಮ ಮೇಲ್ಮನವಿಗಳ ಸಮಿತಿ. ಸೈನಿಕರು ಇದನ್ನು ಎ.ಸಿ.ಎಫ್.ಎ. ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ. ಅಲ್ಲಿಯೂ ಸೋತರೆ ಮತ್ತೆ ಆರು ತಿಂಗಳೊಳಗೆ ಎರಡನೆಯ ಮೇಲ್ಮನವಿ ಸಮಿತಿಗೆ ಹೋಗಬಹುದು. ಈ ಎರಡು ಮೆಟ್ಟಿಲುಗಳಲ್ಲಿ ವಕೀಲನಿಲ್ಲದೆಯೂ ಮುಂದುವರಿಯಬಹುದು. ಅರ್ಜಿಯನ್ನು ತಾನೇ ಬರೆದು ತನ್ನ ರೆಕಾರ್ಡ್ ಆಫೀಸಿನ ಮೂಲಕ ಕಳುಹಿಸಬಹುದು. ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ದವರಿಗೆ ಅದು ಬೆಂಗಳೂರಿನಲ್ಲಿಯೂ, ಮರಾಠಾ ಲಘು ಪದಾತಿ ದಳದಲ್ಲಿದ್ದವರಿಗೆ ಬೆಳಗಾವಿಯಲ್ಲಿಯೂ ಇದೆ. ಆದರೆ ಈ ಹಂತದಲ್ಲಿ ಬರೆದ ಮಾತುಗಳೇ ಮುಂದೆ ನ್ಯಾಯಮಂಡಳಿಯ ಮುಂದೆ ಸಾಕ್ಷಿಯಂತೆ ನಿಲ್ಲುವುದರಿಂದ, ದಯೆಯನ್ನು ಬೇಡುವ ಪತ್ರಕ್ಕಿಂತ, ಸೇರಿದ ದಿನಾಂಕ, ಸೇವೆ ಮಾಡಿದ ಸ್ಥಳಗಳು, ರೋಗವು ಮೊದಲು ಕಾಣಿಸಿದ ದಿನ, ವೈದ್ಯಕೀಯ ಮಂಡಳಿಯ ಅಭಿಪ್ರಾಯದಲ್ಲಿ ಇಲ್ಲದ ಕಾರಣ, ಅನ್ವಯಿಸತಕ್ಕ ನಿಯಮ ಇವುಗಳನ್ನು ಕ್ರಮವಾಗಿ ನಿರೂಪಿಸಿದ ಪತ್ರವು ಉತ್ತಮ.

ಮೂರನೆಯ ಮೆಟ್ಟಿಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಅಧಿನಿಯಮದಿಂದ ಹುಟ್ಟಿ 2009ರ ಆಗಸ್ಟಿನಲ್ಲಿ ಕೆಲಸಕ್ಕೆ ತೊಡಗಿದ ಈ ಮಂಡಳಿಯ ಪೀಠಗಳಲ್ಲಿ ನ್ಯಾಯಾಧೀಶರಾಗಿದ್ದ ಒಬ್ಬ ಸದಸ್ಯರೂ, ಸೈನ್ಯದ ಉನ್ನತ ಪದವಿಯಲ್ಲಿದ್ದು ನಿವೃತ್ತರಾದ ಒಬ್ಬ ಸದಸ್ಯರೂ ಜೊತೆಯಾಗಿ ಕುಳಿತು ವಿಚಾರಣೆ ನಡೆಸುವರು. ಪ್ರಧಾನ ಪೀಠವು ದಿಲ್ಲಿಯಲ್ಲಿ. ಚೆನ್ನೈ, ಕೊಚ್ಚಿ, ಮುಂಬಯಿ, ಲಕ್ನೋ, ಚಂಡೀಗಢ ಮುಂತಾದೆಡೆಗಳಲ್ಲಿ ಪ್ರಾದೇಶಿಕ ಪೀಠಗಳುಂಟು. ಕೊಡಗಿನಂಥ ಯೋಧರ ನಾಡನ್ನು ಒಡಲಲ್ಲಿಟ್ಟುಕೊಂಡ ಕರ್ನಾಟಕಕ್ಕೆ ತನ್ನದೇ ಆದ ಕಾಯಂ ಪೀಠವಿಲ್ಲದಿರುವುದು ನಮ್ಮ ಮಾಜಿ ಸೈನಿಕರಿಗೆ ಖರ್ಚನ್ನೂ ಪ್ರಯಾಸವನ್ನೂ ಹೆಚ್ಚಿಸತಕ್ಕ ಸಂಗತಿ. ಸೇವೆಯಿಂದ ನಿವೃತ್ತನಾದವನು ತಾನು ವಾಸಿಸುವ ಪ್ರದೇಶಕ್ಕೆ ಅಧಿಕಾರವಿರುವ ಪೀಠದಲ್ಲಿಯೇ ಅರ್ಜಿಯನ್ನು ಹಾಕಬಹುದೆಂಬ ನಿಯಮವೊಂದು ಅಲ್ಪ ಸಮಾಧಾನ.

ಈ ಮಂಡಳಿಯ ಬಾಗಿಲನ್ನು ತಟ್ಟುವುದಕ್ಕೆ ಮುಂಚೆ ಇಲಾಖೆಯೊಳಗಿನ ಪರಿಹಾರಗಳನ್ನು ಮುಗಿಸಿಕೊಂಡಿರಬೇಕೆಂಬುದು ಸಾಮಾನ್ಯ ವಿಧಿ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿಯನ್ನು ಸಲ್ಲಿಸಬೇಕು. ಮೇಲ್ಮನವಿಯನ್ನು ಕೊಟ್ಟು ಆರು ತಿಂಗಳು ಕಾದರೂ ಉತ್ತರವೇ ಬಾರದಿದ್ದರೆ, ಆ ಮೌನವನ್ನೇ ಆಧಾರ ಮಾಡಿಕೊಂಡು, ಅನಂತರದ ಒಂದು ವರ್ಷದೊಳಗೆ ಮಂಡಳಿಗೆ ಹೋಗಬಹುದು. ಅವಧಿ ಮೀರಿದವನಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಾಕಾದಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. ಮೇಲಾಗಿ ಪಿಂಚಣಿಯು ತಿಂಗಳು ತಿಂಗಳೂ ಸಲ್ಲಬೇಕಾದ್ದರಿಂದ ಅದರ ನಿರಾಕರಣೆಯು ತಿಂಗಳು ತಿಂಗಳೂ ನವೀನವಾಗುವ ಅನ್ಯಾಯವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2008ರ ತರಸೇಮ್ ಸಿಂಗ್ ಪ್ರಕರಣದಲ್ಲಿ ಒಪ್ಪಿಕೊಂಡಿದೆ. ಆ ತೀರ್ಪಿಗೆ ಒಂದು ಮಿತಿಯೂ ಇದೆ: ತಡವಾಗಿ ಬಂದವನಿಗೆ ಹಿಂದಿನ ಬಾಕಿಯು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಾತ್ರ. 1983ರಲ್ಲಿ ಹೊರಬಂದು 1999ರಲ್ಲಿ ನ್ಯಾಯಾಲಯಕ್ಕೆ ಹೋದ ಆ ಅರ್ಜಿದಾರರಿಗೆ ನಡುವಣ ವರ್ಷಗಳ ಬಹುಪಾಲು ಹಣವು ಕೈತಪ್ಪಿತು. ಹಕ್ಕು ಉಳಿಯುತ್ತದೆ, ಹಣ ಕರಗುತ್ತದೆ. ಆದುದರಿಂದ ತಡಮಾಡುವುದು ತರವಲ್ಲ.

ಕಾಗದಗಳ ಬಲ

ಈ ವ್ಯಾಜ್ಯಗಳಲ್ಲಿ ಸಾಕ್ಷಿಗಳನ್ನು ಕರೆಸಿ ಪಾಟೀಸವಾಲು ನಡೆಸುವ ಸಂದರ್ಭವು ಬಹಳ ಅಪರೂಪ. ಗೆಲವು ಸೋಲುಗಳೆರಡೂ ಕಾಗದದ ಮೇಲೆಯೇ ನಿರ್ಣಯವಾಗುತ್ತವೆ. ಸೇರುವ ಕಾಲದ ವೈದ್ಯಕೀಯ ವರದಿ, ಮೆಡಿಕಲ್ ಬೋರ್ಡಿನ ನಡಾವಳಿ, ನಡುವಣ ಕಾಲದಲ್ಲಿ ಆಸ್ಪತ್ರೆಗೆ ಸೇರಿದ ದಾಖಲೆಗಳು, ಡಿಸ್ಚಾರ್ಜ್ ಬುಕ್, ಪಿ.ಪಿ.ಓ. ಎಂಬ ಪಿಂಚಣಿ ಪಾವತಿ ಆದೇಶ, ತಿರಸ್ಕಾರದ ಪತ್ರಗಳು, ಯಾವ ಯಾವ ಕಾಲದಲ್ಲಿ ಯಾವ ಯಾವ ನೆಲೆಯಲ್ಲಿದ್ದನೆಂಬ ವಿವರ ಇವಿಷ್ಟೂ ಕೈಯಲ್ಲಿರಬೇಕು. ಬೋರ್ಡಿನ ನಡಾವಳಿಯಲ್ಲಿ ರೋಗದ ಕಾರಣವನ್ನು ಕುರಿತ ಪ್ರಶ್ನೆಗಳೂ ವೈದ್ಯರು ಬರೆದ ಉತ್ತರಗಳೂ ಇರುತ್ತವೆ. ಇಡೀ ಮೊಕದ್ದಮೆಯ ಜೀವವು ಆ ಕೆಲವು ಸಾಲುಗಳಲ್ಲಿದೆ. ತನ್ನಲ್ಲಿ ಪ್ರತಿಯಿಲ್ಲದವನು 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಹತ್ತು ರೂಪಾಯಿಯ ಶುಲ್ಕದೊಡನೆ ರೆಕಾರ್ಡ್ ಆಫೀಸಿಗೆ ಅರ್ಜಿಯನ್ನು ಬರೆಯಬಹುದು. ಮೂವತ್ತು ದಿನಗಳೊಳಗೆ ಉತ್ತರ ಕೊಡತಕ್ಕದ್ದು ಅವರ ಕರ್ತವ್ಯ. ವಕೀಲನನ್ನು ಹುಡುಕುವುದಕ್ಕೆ ಮೊದಲೇ ಈ ಕೆಲಸವನ್ನು ಮುಗಿಸಿಕೊಂಡವನ ಪ್ರಕರಣವನ್ನು ಒಂದು ಸಂಜೆಯಲ್ಲಿ ಓದಿ ಅಭಿಪ್ರಾಯ ಹೇಳಬಹುದು. ಬರಿಗೈಯಲ್ಲಿ ಬಂದವನಿಗೆ ಯಾವ ಸಮರ್ಥನೂ ಖಚಿತವಾದ ಮಾತನ್ನು ಹೇಳಲಾರನು.

ವಕೀಲನ ಆವಶ್ಯಕತೆ

ನ್ಯಾಯಮಂಡಳಿಯ ಮುಂದೆ ತಾನೇ ನಿಂತು ವಾದಿಸುವ ಹಕ್ಕು ಅರ್ಜಿದಾರನಿಗಿದೆ; ತನಗೆ ಬೇಕಾದ ವಕೀಲನನ್ನು ನೇಮಿಸಿಕೊಳ್ಳುವ ಹಕ್ಕೂ ಇದೆ. ಎದುರು ಪಕ್ಷದಲ್ಲಿ ಸರ್ಕಾರದ ವಕೀಲರು ಇದ್ದೇ ಇರುತ್ತಾರೆ. ಅನ್ವಯಿಸತಕ್ಕ ನಿಯಮವು ಯಾವ ವರ್ಷದ್ದು, ವೈದ್ಯಕೀಯ ಮಂಡಳಿಯ ಯಾವ ಉತ್ತರದಲ್ಲಿ ಕಾರಣವು ಲೋಪವಾಗಿದೆ, ವೈಕಲ್ಯದ ಪ್ರಮಾಣವನ್ನು ಮೇಲಣ ಮಟ್ಟಕ್ಕೆ ಗಣಿಸಬೇಕೆಂಬ ಬೇಡಿಕೆಯನ್ನು ಪ್ರತ್ಯೇಕವಾಗಿ ಕೇಳಿದೆಯೇ, ವಿಳಂಬ ಮನ್ನಣೆಯ ಅರ್ಜಿಯನ್ನು ಜೊತೆಗೆ ಸೇರಿಸಿದೆಯೇ ಎಂಬ ವಿಷಯಗಳಲ್ಲಿ ಅಭ್ಯಾಸವಿಲ್ಲದವನು ಎಡವುವುದು ಸುಲಭ. ಕೇಳದೆ ಬಿಟ್ಟ ಪರಿಹಾರವು ದೊರೆಯದೆ ಹೋಗುವುದೂ ಸುಲಭ. ಸಿವಿಲ್ ವ್ಯಾಜ್ಯಗಳಲ್ಲಿ ಹೆಸರಾಂತ ವಕೀಲರಾದ ಮಾತ್ರಕ್ಕೆ ಈ ವಿಷಯವು ತಿಳಿದಿರುವುದೆಂದು ಭಾವಿಸಬಾರದು. ಈ ನ್ಯಾಯಮಂಡಳಿಯ ಮುಂದೆ ಪಿಂಚಣಿಯ ಪ್ರಕರಣಗಳನ್ನು ನಡೆಸಿದ್ದಾರೆಯೇ ಎಂದು ನೇರವಾಗಿ ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ಶುಲ್ಕದ ವಿಷಯದಲ್ಲಿ ನಮ್ಮ ದೇಶದ ನಿಯಮವನ್ನು ಎಲ್ಲರೂ ತಿಳಿದಿರುವುದು ಮೇಲು. ಗೆದ್ದರೆ ಬರುವ ಹಣದಲ್ಲಿ ಇಷ್ಟು ಪಾಲೆಂದು ಕರಾರು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಬಾಕಿ ಹಣದಲ್ಲಿ ಕಾಲುಭಾಗ ಕೊಟ್ಟರೆ ಸಾಕು, ಕೆಲಸ ಮಾಡಿಸಿಕೊಡುತ್ತೇವೆ ಎಂದು ಮಧ್ಯವರ್ತಿಗಳು ಮನೆಯ ಬಾಗಿಲಿಗೆ ಬಂದರೆ ಅಂಥವರನ್ನು ದೂರವಿಡುವುದು ಕ್ಷೇಮ. ಶುಲ್ಕವೆಷ್ಟು, ಅದರಲ್ಲಿ ಪ್ರಯಾಣದ ಖರ್ಚು ಸೇರಿದೆಯೇ, ಸರ್ಕಾರವು ಮೇಲಣ ನ್ಯಾಯಾಲಯಕ್ಕೆ ಹೋದರೆ ಮತ್ತೆ ಬೇರೆ ಶುಲ್ಕವೇ ಎಂಬುದನ್ನು ಮೊದಲೇ ಬರೆಯಿಸಿಕೊಂಡು, ಕೊಟ್ಟ ಹಣಕ್ಕೆ ರಸೀದಿಯನ್ನು ಪಡೆದು, ಮೂಲ ಕಾಗದಗಳನ್ನು ತನ್ನಲ್ಲಿಯೇ ಇಟ್ಟುಕೊಂಡು ಪ್ರತಿಗಳನ್ನು ಮಾತ್ರ ಕೊಟ್ಟು, ವಕಾಲತ್ತಿಗೆ ಸಹಿ ಹಾಕತಕ್ಕದ್ದು.

ಹಣವಿಲ್ಲದವನಿಗೂ ಆಸರೆ ಉಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಹನ್ನೆರಡನೆಯ ಪ್ರಕರಣದಂತೆ ಸ್ತ್ರೀಯರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಕಾನೂನಿನ ಅರ್ಥದಲ್ಲಿ ಅಂಗವಿಕಲರಾದವರು ಇವರು ತಮ್ಮ ವರಮಾನವೆಷ್ಟೇ ಇದ್ದರೂ ಉಚಿತವಾದ ಕಾನೂನು ನೆರವಿಗೆ ಅರ್ಹರು. ಉಳಿದವರು ಗೊತ್ತುಮಾಡಿದ ವರಮಾನದ ಮಿತಿಯೊಳಗಿದ್ದರೆ ಅರ್ಹರು. ಪತಿಯ ಮರಣಾನಂತರ ಅವನ ಹಕ್ಕನ್ನು ಮುಂದುವರಿಸಬೇಕಾದ ಸೈನಿಕನ ವಿಧವೆಯು ಸ್ತ್ರೀಯೆಂಬ ಒಂದೇ ಕಾರಣದಿಂದ ಈ ನೆರವನ್ನು ಕೇಳಬಹುದೆಂಬುದು ಹಳ್ಳಿಗಳಲ್ಲಿ ಅನೇಕರಿಗೆ ತಿಳಿಯದ ಸಂಗತಿ. 2025ರ ಜುಲೈ 26ರಂದು, ಕಾರ್ಗಿಲ್ ವಿಜಯದ ದಿನ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ವೀರ ಪರಿವಾರ ಸಹಾಯತಾ ಯೋಜನೆಯನ್ನು ಶ್ರೀನಗರದಲ್ಲಿ ಪ್ರಾರಂಭಿಸಿ, ಸೈನಿಕ ಮಂಡಳಿಗಳಲ್ಲಿಯೇ ಕಾನೂನು ನೆರವಿನ ಕೇಂದ್ರಗಳನ್ನು ತೆರೆಯುವ ಕ್ರಮವನ್ನು ಕೈಕೊಂಡಿತು. ನಮ್ಮ ರಾಜ್ಯದವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿಯೋ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿಯೋ ವಿಚಾರಿಸುವುದು ಒಳ್ಳೆಯ ಆರಂಭ.

ಸೈನಿಕನಿಗೆ ವಕೀಲನು ಬೇಕೇ ಎಂಬ ಪ್ರಶ್ನೆಯು ಇತರ ದೇಶಗಳನ್ನೂ ಕಾಡಿದೆ. ಅಮೆರಿಕಾ ದೇಶವು ತನ್ನ ಅಂತರ್ಯುದ್ಧದ ಕಾಲದಲ್ಲಿ, ಯೋಧರ ಪಿಂಚಣಿಯನ್ನು ದಲ್ಲಾಳಿಗಳು ನುಂಗದಿರಲೆಂದು, ವಕೀಲನು ಹತ್ತು ಡಾಲರಿಗಿಂತ ಹೆಚ್ಚು ಶುಲ್ಕವನ್ನು ಪಡೆಯಕೂಡದೆಂದು 1864ರಲ್ಲಿ ಶಾಸನ ಮಾಡಿತು. ಸದುದ್ದೇಶದಿಂದ ಹುಟ್ಟಿದ ಆ ಮಿತಿಯು ಬೆಲೆಗಳು ಎಷ್ಟು ಏರಿದರೂ 1988ರವರೆಗೆ ಹತ್ತೇ ಡಾಲರಾಗಿ ಉಳಿದು, ದಲ್ಲಾಳಿಯ ಜೊತೆಗೆ ಸಮರ್ಥನಾದ ವಕೀಲನನ್ನೂ ಯೋಧನಿಂದ ದೂರಮಾಡಿತು. 1985ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ಮಿತಿಯನ್ನು ಸಂವಿಧಾನಸಮ್ಮತವೆಂದೇ ಹೇಳಿತು. ಸರ್ಕಾರವು ಹಕ್ಕುದಾರನ ಹಿತೈಷಿಯಾಗಿ ವರ್ತಿಸುವ ಕ್ರಮದಲ್ಲಿ ವಕೀಲನ ಅಗತ್ಯವು ಅಲ್ಪವೆಂಬುದು ಆ ವಾದದ ತಿರುಳು. ಹಿತೈಷಿಯ ತೀರ್ಮಾನವೂ ತಪ್ಪಾಗಬಲ್ಲದೆಂದು ಅನಂತರ ಅಲ್ಲಿಯ ಶಾಸಕರೇ ಒಪ್ಪಿ, ಆ ತೀರ್ಮಾನಗಳನ್ನು ವಿಮರ್ಶಿಸಲು ಒಂದು ಪ್ರತ್ಯೇಕ ನ್ಯಾಯಾಲಯವನ್ನು ನಿರ್ಮಿಸಿದರು.

ಗೆದ್ದ ಮೇಲೂ ಮುಗಿಯದ ದಾರಿ

ನ್ಯಾಯಮಂಡಳಿಯಲ್ಲಿ ಗೆದ್ದವನ ಪ್ರಯಾಸವು ಅಲ್ಲಿಗೇ ತೀರಿತೆನ್ನಲಾಗದು. ಸಾರ್ವಜನಿಕ ಮಹತ್ತ್ವವುಳ್ಳ ಕಾನೂನಿನ ಪ್ರಶ್ನೆಯಿದ್ದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದೆಂದು ನ್ಯಾಯಮಂಡಳಿಯ ಅಧಿನಿಯಮವು ಹೇಳುತ್ತದೆ. ಮಂಡಳಿಯ ಆದೇಶಗಳನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೇ ಎಂಬುದು ಬಹುಕಾಲ ತೂಗಾಡಿದ ವಿಷಯ. 2015ರ ತೀರ್ಪೊಂದು ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತ್ತು, 2023ರ ಮಾರ್ಚಿನ ಪರಶೋತ್ತಮ್ ದಾಸ್ ತೀರ್ಪು ಮತ್ತೆ ತೆರೆಯಿತು. ಸೋತ ಸೈನಿಕನಿಗೆ ದಿಲ್ಲಿಯವರೆಗೆ ಹೋಗದೆ ತನ್ನ ರಾಜ್ಯದಲ್ಲಿಯೇ ಇನ್ನೊಂದು ಅವಕಾಶ ದೊರೆತಂತಾಯಿತು. ಸೋತ ಸರ್ಕಾರಕ್ಕೂ ಅದೇ ಅವಕಾಶ ದೊರೆಯಿತು. ತನ್ನದೇ ಸೈನಿಕರ ವಿರುದ್ಧ ಸರ್ಕಾರವು ಹೂಡುವ ಮೇಲ್ಮನವಿಗಳನ್ನು ತಗ್ಗಿಸುವ ಮಾರ್ಗವನ್ನು ಸೂಚಿಸಲು ರಕ್ಷಣಾ ಸಚಿವ ಮನೋಹರ ಪರ್ರೀಕರರು 2015ರಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿದ್ದರೆಂಬುದೇ ಈ ರೋಗದ ಆಳಕ್ಕೆ ಸಾಕ್ಷಿ.

ಸೈನಿಕನ ಪರವಾದ ಈ ಔದಾರ್ಯಕ್ಕೆ ಎದುರಾಗಿ ಒಂದು ಆಕ್ಷೇಪವೂ ಉಂಟು. ಅದನ್ನು ಮರೆಮಾಡುವುದು ನ್ಯಾಯವಲ್ಲ. ರಕ್ತದೊತ್ತಡವೂ ಮಧುಮೇಹವೂ ಇಂದು ಅಂಗಡಿಯವನಿಗೂ ಗುಮಾಸ್ತನಿಗೂ ಬರುವ ರೋಗಗಳು. ನಿವೃತ್ತಿಯ ಹೊಸ್ತಿಲಲ್ಲಿ ಅಂಥ ರೋಗವನ್ನು ಬರೆಯಿಸಿಕೊಂಡು ಪಿಂಚಣಿಯನ್ನು ಹೆಚ್ಚಿಸಿಕೊಳ್ಳುವವರಿಂದ ನಿಜವಾಗಿ ನೊಂದವರ ಗೌರವಕ್ಕೆ ಕುಂದುಂಟಾಗುತ್ತದೆ ಎಂಬುದು ಆ ಆಕ್ಷೇಪ. ಮಾತಿನಲ್ಲಿ ಹುರುಳಿದೆ. ಆದರೆ ಕಪಟಿಯನ್ನು ಹಿಡಿಯುವ ಉಪಾಯವು ಎಲ್ಲರಿಗೂ ಒಂದೇ ಅಚ್ಚಿನ ವಾಕ್ಯವನ್ನು ಬರೆದು ಕಳುಹಿಸುವುದಲ್ಲ. ಈ ಮನುಷ್ಯನ ಈ ರೋಗವು ಅವನ ಸೇವೆಯ ಯಾವ ಸ್ಥಿತಿಯಿಂದಲೂ ಬಂದದ್ದಲ್ಲವೆಂದು ಕಾರಣಸಹಿತವಾಗಿ ವೈದ್ಯಕೀಯ ಮಂಡಳಿಯು ಒಂದು ಪುಟ ಬರೆದರೆ ಕಪಟಿಗೆ ನ್ಯಾಯಾಲಯದಲ್ಲಿಯೂ ನೆಲೆ ಸಿಗದು. ಅದೇ ಪುಟವನ್ನು ಬರೆಯಲು ಕುಳಿತಾಗ ಪ್ರಾಮಾಣಿಕನ ರೋಗದ ಕಾರಣವು ವೈದ್ಯನಿಗೇ ಕಾಣಿಸುವುದೂ ಉಂಟು. ಮೇಲ್ಮನವಿಗಳ ರಾಶಿಯು ಕರಗಬೇಕಾದರೆ ಕಾರಣ ಬರೆಯುವ ಶ್ರಮವು ಮೊದಲನೆಯ ಮೇಜಿನಲ್ಲಿಯೇ ಆಗಬೇಕು. ಅದು ಆಗುವವರೆಗೆ, ಆರು ತಿಂಗಳ ಗಡುವನ್ನು ನೆನಪಿನಲ್ಲಿಟ್ಟು, ಬೋರ್ಡಿನ ನಡಾವಳಿಯ ಪ್ರತಿಯನ್ನು ತರಿಸಿಕೊಂಡು, ತಿಳಿದವರ ನೆರವಿನಿಂದ ಮೇಲಣ ಮೆಟ್ಟಿಲನ್ನು ಹತ್ತುವ ಮಾಜಿ ಸೈನಿಕನು ಸರ್ಕಾರದೊಡನೆ ಜಗಳವಾಡುವವನೆಂದು ಯಾರೂ ತಿಳಿಯಬೇಕಾದ್ದಿಲ್ಲ. ಸರ್ಕಾರವು ತನ್ನ ಕೈಯಾರೆ ಬರೆದ ನಿಯಮವನ್ನು ಅದಕ್ಕೇ ಓದಿ ಹೇಳುವವನು ಅವನು.